ವೀಸಾದ ಕಿಟಕಿಗೆ ನಮ್ಮ ಪ್ರವಾಸ

ಮುಂಬಯಿಗೆ ಹೋಗುವವರು ನಾನಾ ಕಾರ್ಯಗಳಿಗಾಗಿ ಹೋಗುತ್ತಾರೆ. ಕೆಲವರು ಸಮುದ್ರವನ್ನು ನೋಡಲು, ಕೆಲವರು ಮಹಾಲಕ್ಷ್ಮಿಯ ದರ್ಶನಕ್ಕೆ, ಕೆಲವರು ಔಷಧೋಪಚಾರಕ್ಕೆ, ಮತ್ತೆ ಕೆಲವರು ಹೊಟ್ಟೆಯ ಪಾಡಿಗೆ. ೨೦೨೫ನೆಯ ಇಸವಿಯ ಜನವರಿಯಲ್ಲಿ ನಾವು ಹೋದದ್ದು ಇವುಗಳಲ್ಲಿ ಯಾವುದಕ್ಕೂ ಅಲ್ಲ. ಒಂದು ಗಾಜಿನ ಕಿಟಕಿಯ ಮುಂದೆ ಕೆಲವು ನಿಮಿಷ ನಿಂತು ಬರುವುದಕ್ಕೆ. ಆ ಕಿಟಕಿಯ ಮುಂದೆ ನಿಲ್ಲುವ ಸರದಿಗಾಗಿ ನಾವು ಹತ್ತೊಂಬತ್ತು ವರ್ಷಗಳಷ್ಟು ಕಾದಿದ್ದೆವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಪರದೇಶದಲ್ಲಿ ಮಗನೋ ಮಗಳೋ ಒಡಹುಟ್ಟಿದವರೋ ನೆಲೆಸಿರುವ ಮನೆಗಳು ಈಗ ನಮ್ಮ ನಾಡಿನ ಎಲ್ಲ ಊರುಗಳಲ್ಲಿಯೂ ಇರುವುದರಿಂದ, ನಮ್ಮ ಅನುಭವವು ಇನ್ನೊಬ್ಬ ಗೃಹಸ್ಥರಿಗೆ ದಾರಿಯ ಗುರುತಾದೀತೆಂಬ ಆಸೆಯಿಂದ ಈ ವೃತ್ತಾಂತವನ್ನು ಬರೆಯುತ್ತಿದ್ದೇವೆ.

ನಮ್ಮ ಊರು ಧಾರವಾಡ. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಬಹುಕಾಲ ಮಾಸ್ತರಿಕೆಯನ್ನು ಮಾಡಿ ೨೦೨೪ರಲ್ಲಿ ನಿವೃತ್ತರಾದೆವು. ನಮಗೆ ಒಬ್ಬಳೇ ಅಕ್ಕ. ಆಕೆ ಲಗ್ನವಾಗಿ ೧೯೮೪ರಲ್ಲಿ ಭಾವನವರೊಡನೆ ಅಮೇರಿಕೆಗೆ ಹೋದಳು. ನ್ಯೂ ಜೆರ್ಸಿ ಪ್ರಾಂತದಲ್ಲಿ ಮನೆ ಮಾಡಿದಳು. ಕಾಲಕ್ರಮದಲ್ಲಿ ಅಲ್ಲಿಯ ಪೌರಳೂ ಆದಳು. ಮಕ್ಕಳಾಗಲಿಲ್ಲ. ೨೦೦೬ರ ಫೆಬ್ರವರಿಯಲ್ಲಿ ಒಂದು ದಿನ ಅಕ್ಕ ಫೋನಿನಲ್ಲಿ, "ತಮ್ಮಾ, ನಿನ್ನ ಹೆಸರಿಲೆ ಒಂದು ಅರ್ಜಿ ಹಾಕೀನಿ. ಬರೋದು ಬಿಡೋದು ಆಮ್ಯಾಲೆ ನೋಡೂಣು, ಪಾಳಿಯೊಳಗ ಒಂದು ಕಲ್ಲು ಇಟ್ಟಿರೂಣು" ಎಂದಳು. ಆಗ ನಮ್ಮ ಹಿರಿಯ ಮಗಳಿಗೆ ಏಳು ವರ್ಷ, ಕಿರಿಯ ಮಗನಿಗೆ ಎರಡು. ನಾವು ನಕ್ಕು, ಆಗಲೆಂದೆವು. ನೀರಿನ ನಲ್ಲಿಯ ಮುಂದೆ ಕೊಡದ ಬದಲು ಕಲ್ಲನ್ನಿಟ್ಟು ಮನೆಗೆ ಹೋಗುವವರಂತೆ, ಆ ಅರ್ಜಿಯನ್ನು ಇಟ್ಟು ನಮ್ಮ ಸಂಸಾರದ ಕೆಲಸಗಳಿಗೆ ಮರಳಿದೆವು.

ಈ ಪಾಳಿಯೆಂಬುದೇನು, ಅದು ಇಷ್ಟು ಉದ್ದವೇಕೆಂಬುದನ್ನು ಮೊದಲು ಹೇಳಬೇಕು. ಒಂದು ಕಾಲಕ್ಕೆ ಅಮೇರಿಕೆಯ ಬಾಗಿಲು ನಮ್ಮವರಿಗೆ ಮುಚ್ಚಿಯೇ ಇತ್ತು. ೧೯೧೭ರ ಕಾಯದೆಯು ಏಷ್ಯಾಖಂಡದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ೧೯೪೬ರಲ್ಲಿ ಬಾಗಿಲು ಒಂದಿಷ್ಟು ಓರೆಯಾಯಿತು. ವರ್ಷಕ್ಕೆ ೧೦೦ ಮಂದಿ ಭಾರತೀಯರು ಬರಬಹುದೆಂದಾಯಿತು. ಕಡೆಗೆ ೧೯೬೫ರ ಅಕ್ಟೋಬರ್ ೩ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಸ್ವಾತಂತ್ರ್ಯದೇವಿಯ ಪ್ರತಿಮೆಯಿರುವ ನಡುಗಡ್ಡೆಯಲ್ಲಿ ಸಹಿ ಮಾಡಿದ ಕಾಯದೆಯು ದೇಶದೇಶಗಳೊಳಗಿನ ಹಳೆಯ ತಾರತಮ್ಯವನ್ನು ತೆಗೆದುಹಾಕಿ, ಅಲ್ಲಿರುವವರ ಬಂಧುಗಳಿಗೆ ಪ್ರಾಶಸ್ತ್ಯವನ್ನು ಕೊಟ್ಟಿತು. ಇಂದು ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಆ ಬಾಗಿಲಿನಿಂದ ಹೋದವರು, ಇಲ್ಲವೆ ಹಾಗೆ ಹೋದವರ ಬೆನ್ನಿಗೆ ಹೋದವರು.

ಆದರೆ ಬಂಧುಗಳೆಂದರೆ ಯಾರು? ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಕಕ್ಕ, ಸೋದರಮಾವ, ಚಿಗವ್ವ, ಬೀಗರು, ಮನೆಯಲ್ಲಿಯೇ ಬೆಳೆದ ದೂರದ ಹುಡುಗ, ಹೀಗೆ ಅಂಗಳದ ತುಂಬ ಬಂಧುಗಳು. ಕಾಯದೆಯಾದರೋ ಅಳತೆಗೋಲನ್ನು ಹಿಡಿದು ಕುಳಿತಿದೆ. ಪೌರರ ಗಂಡ ಅಥವಾ ಹೆಂಡತಿ, ಇಪ್ಪತ್ತೊಂದು ತುಂಬದ ಲಗ್ನವಾಗದ ಮಕ್ಕಳು, ತಂದೆತಾಯಿಗಳು, ಇವರು ಹತ್ತಿರದವರು. ಇವರಿಗೆ ಸಂಖ್ಯೆಯ ಮಿತಿಯಿಲ್ಲ. ಬೆಳೆದ ಮಕ್ಕಳು, ಲಗ್ನವಾದ ಮಕ್ಕಳು, ಒಡಹುಟ್ಟಿದವರು, ಇವರು ದೂರದವರು; ಇವರೆಲ್ಲರೂ ಪಾಳಿಯಲ್ಲಿ ನಿಲ್ಲಬೇಕು. ಒಡಹುಟ್ಟಿದವರದು ನಾಲ್ಕನೆಯ ಹಾಗೂ ಕಡೆಯ ವರ್ಗ. ೧೯೯೦ರ ಕಾಯದೆಯ ಮೇಲೆ ಇವರಿಗೆ ಇಡಿಯ ಪ್ರಪಂಚಕ್ಕೆ ವರ್ಷಕ್ಕೆ ೬೫,೦೦೦ ವೀಸಾಗಳು. ಅವುಗಳಲ್ಲಿ ಹೆಂಡತಿ ಮಕ್ಕಳ ಲೆಕ್ಕವೂ ಸೇರಿತು. ಅದರ ಮೇಲೆ, ಪಾಳಿಯ ವೀಸಾಗಳ ಒಟ್ಟು ಮೊತ್ತದಲ್ಲಿ ಒಂದು ದೇಶದವರಿಗೆ ನೂರಕ್ಕೆ ೭ಕ್ಕಿಂತ ಹೆಚ್ಚು ಸಲ್ಲಕೂಡದೆಂಬ ಕಟ್ಟಳೆ. ಭಾರತದಂಥ ದೊಡ್ಡ ದೇಶಕ್ಕೂ ಅಷ್ಟೆ, ಅಂಗೈಯಗಲದ ದೇಶಕ್ಕೂ ಅಷ್ಟೆ. ಅರ್ಜಿ ಮುಟ್ಟಿದ ತಾರೀಖೇ ಪಾಳಿಯ ಕಲ್ಲು. ಯಾವ ತಾರೀಖಿನವರೆಗೆ ಸರದಿ ಬಂದಿತೆಂಬುದನ್ನು ಅಲ್ಲಿಯ ಸರಕಾರ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಕೆಲವು ತಿಂಗಳು ಆ ತಾರೀಖು ಒಂದು ವಾರ ಮುಂದೆ ಸರಿಯುವುದು. ಕೆಲವು ತಿಂಗಳು ನಿಂತಲ್ಲಿಯೇ ನಿಲ್ಲುವುದು. ಒಮ್ಮೊಮ್ಮೆ ಹಿಂದಕ್ಕೂ ಹೋಗುವುದು. ಪಂಚಾಂಗವನ್ನು ನೋಡುವಂತೆ ನಾವು ಅದನ್ನು ತಿಂಗಳು ತಿಂಗಳೂ ನೋಡುತ್ತಿದ್ದೆವು.

ನೋಡುತ್ತ ನೋಡುತ್ತ ಮಕ್ಕಳು ಬೆಳೆದರು. ನಾವು ಅಲಕ್ಷ್ಯ ಮಾಡಿದ ಮಾತು ಇದೇ. ತಂದೆಯ ಸರದಿ ಬಂದಾಗ ಇಪ್ಪತ್ತೊಂದು ತುಂಬದ ಮಕ್ಕಳು ಮಾತ್ರ ತಂದೆಯೊಡನೆ ಹೋಗಬಹುದು. ೨೦೦೨ರಲ್ಲಿ ಆದ ಒಂದು ದಯೆಯ ಕಾಯದೆಯ ಪ್ರಕಾರ, ಅರ್ಜಿಯು ಮಂಜೂರಾಗಲು ಸರಕಾರ ಎಷ್ಟು ಕಾಲ ತೆಗೆದುಕೊಂಡಿತೋ ಅಷ್ಟನ್ನು ಮಕ್ಕಳ ವಯಸ್ಸಿನಿಂದ ಕಳೆಯುತ್ತಾರೆ. ನಮ್ಮ ಅರ್ಜಿ ಮಂಜೂರಾಗಲು ೩ ವರ್ಷ ೮ ತಿಂಗಳು ಹಿಡಿದಿತ್ತು. ೨೦೨೪ರ ಶರದೃತುವಿನಲ್ಲಿ ನಮ್ಮ ತಾರೀಖಿಗೆ ಸರದಿ ಬಂದಾಗ ಲೆಕ್ಕ ಹಾಕಿದರೆ, ಮಗನಿಗೆ ಕಾಯದೆಯ ವಯಸ್ಸು ಹದಿನೇಳೂವರೆ; ಮಗಳಿಗೆ ಇಪ್ಪತ್ತೆರಡೂವರೆ. ಮಗ ಒಳಗೆ, ಮಗಳು ಹೊರಗೆ. ಒಂದೇ ಮನೆಯಲ್ಲಿ ಒಂದೇ ಗಂಗಾಳದಲ್ಲಿ ಉಂಡು ಬೆಳೆದ ಮಕ್ಕಳಿಬ್ಬರ ನಡುವೆ ಒಂದು ಗೆರೆ ಎಳೆದಂತಾಯಿತು.

ಇನ್ನು ಕಾಗದಪತ್ರಗಳ ಮಾತು. ೨೦೨೩ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಪೋರ್ಟ್ಸ್‌ಮತ್ ಊರಿನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರದಿಂದ, ಸಿದ್ಧತೆ ಮಾಡಿರೆಂದು ಸೂಚನೆ ಬಂದಿತು. ತಲೆಗೆ ೩೨೫ ಡಾಲರಿನಂತೆ ಅರ್ಜಿಯ ಶುಲ್ಕ, ಪೋಷಣೆಯ ಜವಾಬ್ದಾರಿಯ ಪತ್ರವನ್ನು ನೋಡುವುದಕ್ಕೆ ೧೨೦ ಡಾಲರು. ಹಣ ಕೊಡುವುದು ಸುಲಭ. ಹುಟ್ಟಿದ್ದನ್ನು ಸಿದ್ಧಪಡಿಸುವುದು ಕಷ್ಟ. ಜನನ ಮರಣಗಳ ನೋಂದಣಿಯ ಈಗಿನ ಕಾಯದೆ ಆದದ್ದು ೧೯೬೯ರಲ್ಲಿ. ನಾವು ಅದಕ್ಕೂ ಮುಂಚೆ ತಾಯಿಯವರ ತವರೂರಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ಯಾವ ದಫ್ತರದಲ್ಲಿಯೂ ನಮ್ಮ ಹೆಸರಿಲ್ಲ. ಹೆಸರಿಲ್ಲವೆಂಬುದಕ್ಕೂ ಸರಕಾರದ ಪತ್ರ ಬೇಕು. ಅದಕ್ಕಾಗಿ ಒಂದು ತಾಲೂಕು ಕಚೇರಿಗೆ ಆರು ಸಲ ಅಲೆದೆವು. ಅದರ ಜೊತೆಗೆ ಶಾಲೆಯ ದಾಖಲೆ ಮತ್ತು ಹಿರಿಯರ ಪ್ರತಿಜ್ಞಾಪತ್ರ. ತಾಯಿಯವರು ಎಂಬತ್ತನಾಲ್ಕರ ವಯಸ್ಸಿನಲ್ಲಿ ನೋಟರಿಯ ಮುಂದೆ ಕುಳಿತು, ತಾವು ಈ ಮಗನನ್ನು ಹೆತ್ತದ್ದು ನಿಜವೆಂದು ಸಹಿ ಮಾಡಿದರು. "ಇದನ್ನೂ ಬರದು ಕೊಡಬೇಕಾತಲ್ಲೋ" ಎಂದು ನಕ್ಕರು.

ನಮ್ಮ ಗೃಹಿಣಿಯದು ಬೇರೊಂದು ತೊಡಕು. ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುವ ಸಂಪ್ರದಾಯದಂತೆ, ಲಗ್ನದಲ್ಲಿ ಆಕೆಯ ಹೆಸರು ಬದಲಾಗಿತ್ತು. ಶಾಲೆಯ ಸರ್ಟಿಫಿಕೇಟಿನಲ್ಲಿ ತವರಿನ ಹೆಸರು, ಪಾಸ್‌ಪೋರ್ಟಿನಲ್ಲಿ ನಮ್ಮ ಮನೆಯ ಹೆಸರು. ಎರಡೂ ಒಬ್ಬಳೇ ಹೆಂಗಸೆಂಬುದಕ್ಕೆ ಪ್ರತಿಜ್ಞಾಪತ್ರ ಬೇಕಾಯಿತು. ಲಗ್ನದ ಕರೆಯೋಲೆಯನ್ನು ಕೂಡ ಹಳೆಯ ಟ್ರಂಕಿನಿಂದ ಹುಡುಕಿ ತೆಗೆದೆವು. ಮೂವರಿಗೂ ಪಾಸ್‌ಪೋರ್ಟ್ ಕಚೇರಿಯಿಂದ ಪೋಲೀಸರ ನಿರಪರಾಧಿತ್ವದ ಪತ್ರವೂ ಆಯಿತು. ಅತ್ತ ಅಕ್ಕನೂ ತೊಡಕಿನಲ್ಲಿದ್ದಳು. ಕರೆಯಿಸಿಕೊಳ್ಳುವವರು, ಬರುವವರನ್ನೂ ಸೇರಿಸಿ ಎಣಿಸಿದ ಸಂಸಾರಕ್ಕೆ ಬಡತನದ ಮಿತಿಯ ಮೇಲೆ ನೂರಕ್ಕೆ ೨೫ರಷ್ಟು ಹೆಚ್ಚಿನ ವರಮಾನವನ್ನು ತೋರಿಸಬೇಕು. ಭಾವನವರು ೨೦೨೧ರಲ್ಲಿ ತೀರಿಹೋಗಿದ್ದರು. ಅಕ್ಕನಿಗೆ ಒಂದು ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ. ವರಮಾನ ಸಾಲಲಿಲ್ಲ. ಆಗ ಅದೇ ಊರಿನ ಕನ್ನಡಿಗರೊಬ್ಬರು, ನಮ್ಮ ಬಳಗದವರಲ್ಲ, ನಮ್ಮನ್ನು ಕಂಡವರೂ ಅಲ್ಲ, ಜೊತೆಯ ಜವಾಬ್ದಾರರಾಗಿ ಸಹಿ ಹಾಕಿಕೊಟ್ಟರು. ನಾವು ಸರಕಾರಕ್ಕೆ ಭಾರವಾದರೆ ಆ ಭಾರವನ್ನು ಹೊರುವ ಮಾತು ಅದು. ಕೋರ್ಟಿನಲ್ಲಿ ನಿಲ್ಲುವ ಮಾತು. ಕಾಯದೆಯ ಯಾವ ವರ್ಗದಲ್ಲಿಯೂ ಆ ಮಹನೀಯರು ನಮ್ಮ ಬಂಧುಗಳಲ್ಲ.

ಮುಖ್ಯ ಅರ್ಜಿಯನ್ನು ಕಂಪ್ಯೂಟರಿನಲ್ಲಿಯೇ ತುಂಬಬೇಕು. ಡಿ.ಎಸ್. ೨೬೦ ಎಂದು ಅದರ ಹೆಸರು. ಹದಿನಾರು ವರ್ಷ ತುಂಬಿದಂದಿನಿಂದ ಎಲ್ಲೆಲ್ಲಿ ವಾಸವಾಗಿದ್ದಿರಿ ಎಂದು ಅದು ಕೇಳುತ್ತದೆ; ಹಿಂದೆ ಮಾಡಿದ ಕೆಲಸದ ವಿವರವನ್ನೂ ಕೇಳುತ್ತದೆ. ನಮಗೆ ಆ ವಿದ್ಯೆ ಅಷ್ಟಾಗಿ ತಿಳಿಯದು. ಮೂರು ರಾತ್ರಿ ಕುಳಿತು ಅದನ್ನು ತುಂಬಿದವಳು ಮಗಳೇ. ಮಕ್ಕಳ ವಿವರ ಬರೆಯುವ ಕಡೆ ತನ್ನ ಹೆಸರು, ತಾನು ಹುಟ್ಟಿದ ತಾರೀಖು ಬರೆದಳು. ಈ ಮಗು ನಿಮ್ಮೊಡನೆ ಅಮೇರಿಕೆಗೆ ಬರುವುದೇ ಎಂದು ಮುಂದಿನ ಪ್ರಶ್ನೆ. ಅದಕ್ಕೆ ಇಲ್ಲವೆಂದು ಗುರುತು ಹಾಕಿದಳು. ಮುಂದೆಂದಾದರೂ ಬಂದು ನಿಮ್ಮನ್ನು ಸೇರುವುದೇ ಎಂದು ಇನ್ನೊಂದು ಪ್ರಶ್ನೆ. ಅಲ್ಲಿ ಕೈ ತಡೆದು, "ಅಪ್ಪಾ, ಇದಕ್ಕೇನು ಬರೀಲಿ?" ಎಂದು ಕೇಳಿದಳು. ನಾವು ಉತ್ತರ ಕೊಡಲಿಲ್ಲ. ಒಳಗಿನಿಂದ ಆಕೆಯ ತಾಯಿ, "ನಾಳೆ ಬರಿಯೋಣೇಳು, ಊಟಕ್ಕೇಳು" ಎಂದಳು. ಮರುದಿನ ನಾವು ಕೇಳುವ ಮೊದಲೇ ಅದಕ್ಕೂ ಇಲ್ಲವೆಂದೇ ಬರೆದಿದ್ದಳು.

ಹೀಗೆ ಸಿದ್ಧವಾದ ಕಾಗದಗಳನ್ನು ಒಂದು ಅರಿವೆಯ ಚೀಲದಲ್ಲಿಟ್ಟುಕೊಂಡು, ನಾವು, ನಮ್ಮ ಗೃಹಿಣಿ, ಮಗ, ಮೂವರು ಜನವರಿಯ ಒಂದು ಮಧ್ಯಾಹ್ನ ಧಾರವಾಡದಲ್ಲಿ ರೈಲು ಹತ್ತಿದೆವು. ಮಗಳು ಸ್ಟೇಶನ್ನಿಗೆ ಬಂದು ಪೇಢೆಯ ಪೊಟ್ಟಣವನ್ನೂ ಬುತ್ತಿಯ ಗಂಟನ್ನೂ ಕೊಟ್ಟು, ಕಾಗದಗಳ ಯಾದಿಯನ್ನು ಇನ್ನೊಮ್ಮೆ ಓದಿ ಹೇಳಿದಳು. ಅಳ್ನಾವರ ದಾಟಿದ ಮೇಲೆ ಕಾಡು ದಟ್ಟವಾಯಿತು. ಲೋಂಡೆಯ ಹತ್ತಿರ ತೇಗದ ಮರಗಳ ನೆರಳು ಡಬ್ಬಿಯೊಳಗೆ ಓಡಾಡಿತು. ಬೆಳಗಾವಿಯಲ್ಲಿ ಚಹ ಕುಡಿದೆವು. ಮಿರಜದ ಹೊತ್ತಿಗೆ ಕನ್ನಡದ ಮಾತು ಕಡಮೆಯಾಗಿ ಮರಾಠಿಯ ಮಾತು ಹೆಚ್ಚಾಯಿತು. ರಾತ್ರಿಯ ಪ್ರಯಾಣದಲ್ಲಿ ಹೇಳಬೇಕಾದ ವಿಶೇಷವೇನೂ ಇಲ್ಲ. ಚೀಲವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆವು, ಅಷ್ಟೆ. ನಸುಕಿನಲ್ಲಿ ಗಾಡಿಯು ಭೋರ ಘಾಟವನ್ನು ಇಳಿಯಿತು. ೧೮೬೩ರಲ್ಲಿ ತೆರೆದ ದಾರಿ ಇದು. ಸುರಂಗದ ಮೇಲೆ ಸುರಂಗ, ಕೆಳಗೆ ಮಂಜು ಕವಿದ ಕೊಂಕಣದ ತಗ್ಗು. ಕಲ್ಯಾಣದಿಂದ ಮುಂದೆ ಮನೆಗಳ ಸಾಲು ಮುಗಿಯಲೇ ಇಲ್ಲ.

ದಾದರಿನಲ್ಲಿ ಇಳಿದು ಮಾಟುಂಗಕ್ಕೆ, ನಮ್ಮ ಕಕ್ಕನ ಮಗನ ಮನೆಗೆ ಹೋದೆವು. ಮಾಟುಂಗದಲ್ಲಿ ಕನ್ನಡಿಗನಿಗೆ ಪರಸ್ಥಳವೆನಿಸುವುದಿಲ್ಲ. ೧೯೨೬ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಅಲ್ಲಿದೆ. ರಾಮಾ ನಾಯಕರು ೧೯೪೨ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಸಿಕ್ಕುತ್ತದೆ. ಬೀದಿಯ ಹೂವಿನಂಗಡಿಗಳಲ್ಲಿ ಮಲ್ಲಿಗೆ, ಕನಕಾಂಬರ, ಅಬ್ಬಲಿಗೆಯೆಂದು ಕರೆದರೂ ತಿಳಿಯುತ್ತದೆ. ಹೊಟ್ಟೆಯ ಪಾಡಿಗೆ ಮನೆ ಬಿಟ್ಟು ಬಂದವರು ಅಲ್ಲಿ ಇನ್ನೊಂದು ಊರನ್ನೇ ಕಟ್ಟಿಕೊಂಡಿದ್ದಾರೆ. ಅವರಾರೂ ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ಒಂದು ಟಿಕೀಟು ಸಾಕಾಗಿತ್ತು. ಈ ಭಾಗ್ಯವನ್ನು ನಾವು ಮೊದಲೆಂದೂ ಎಣಿಸಿರಲಿಲ್ಲ.

ಸಂದರ್ಶನಕ್ಕೆ ಮೊದಲು ಎರಡು ಕೆಲಸಗಳು ಮುಗಿಯಬೇಕು. ಒಂದು, ಅವರು ಗೊತ್ತುಪಡಿಸಿದ ವೈದ್ಯರಿಂದ ದೇಹಪರೀಕ್ಷೆ. ಎದೆಯ ಚಿತ್ರ ತೆಗೆದರು, ರಕ್ತ ತೆಗೆದರು, ಲಸಿಕೆಗಳನ್ನು ಚುಚ್ಚಿದರು. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಚೀಟಿ ಇದ್ದವರಿಗೆ ಚುಚ್ಚು ಕಡಮೆ. ಮಗನ ಚೀಟಿಯನ್ನು ನಮ್ಮ ಗೃಹಿಣಿ ಜೋಪಾನವಾಗಿ ಇಟ್ಟಿದ್ದಳು. ನಮ್ಮಿಬ್ಬರದು ಎಲ್ಲಿಂದ ಬರಬೇಕು? ಎರಡನೆಯದು, ಬೇರೊಂದು ಕಚೇರಿಯಲ್ಲಿ ಬೆರಳಚ್ಚು ಮತ್ತು ಭಾವಚಿತ್ರ. ನಾಲ್ಕು ದಶಕ ಸುಣ್ಣದ ಕಡ್ಡಿ ಹಿಡಿದ ನಮ್ಮ ಹೆಬ್ಬೆರಳಿನ ಗೆರೆಗಳು ಸವೆದಿದ್ದುದರಿಂದ ಯಂತ್ರವು ಬೇಗ ಒಪ್ಪಲಿಲ್ಲ. ಒದ್ದೆ ಅರಿವೆಯಿಂದ ಒರಸಿ ಒರಸಿ ನಾಲ್ಕನೆಯ ಸಲಕ್ಕೆ ಆಯಿತು.

ಸಂದರ್ಶನದ ದಿನ ಬೆಳಗಾಗುವ ಮುನ್ನ ಟ್ಯಾಕ್ಸಿಯಲ್ಲಿ ಹೊರಟೆವು. ಶೀವ ದಾಟಿ ಧಾರಾವಿಯ ಬದಿಯಿಂದ ಹೋಗುವಾಗ ತೊಗಲಿನ ವಾಸನೆ, ಒಲೆಯ ಹೊಗೆ, ನಳದ ಮುಂದೆ ಕೊಡಗಳ ಪಾಳಿ. ಮಿಠಿ ನದಿಯನ್ನು ದಾಟಿದೊಡನೆ ಲೋಕವೇ ಬದಲಾಯಿತು. ಬಾಂದ್ರಾ ಕುರ್ಲಾ ಸಂಕೀರ್ಣವೆಂಬ ಆ ಭಾಗವು ಒಂದಾನೊಂದು ಕಾಲಕ್ಕೆ ಕೆಸರು ಮತ್ತು ಕಾಂಡ್ಲಾ ಗಿಡಗಳ ತಗ್ಗಾಗಿತ್ತು. ೧೯೭೦ರ ದಶಕದ ಕೊನೆಯಿಂದೀಚೆಗೆ ಅದನ್ನು ತುಂಬಿ ಬೆಳೆಸಿದ್ದಾರೆ. ಈಗ ಬ್ಯಾಂಕುಗಳು, ವಜ್ರದ ವ್ಯಾಪಾರದ ಮಹಾಸೌಧ, ಗಾಜಿನ ಗೋಡೆಗಳು. ಅಮೇರಿಕೆಯ ಕಾನ್ಸಲ್ ಕಚೇರಿ ಹಿಂದೆ ಸಮುದ್ರತೀರದ ಲಿಂಕನ್ ಹೌಸಿನಲ್ಲಿ, ಅಂದರೆ ವಾಂಕಾನೇರದ ಮಹಾರಾಜರ ಹಳೆಯ ಅರಮನೆಯಲ್ಲಿ ಇತ್ತು. ೨೦೧೧ರಲ್ಲಿ ಇಲ್ಲಿಗೆ ಬಂದಿತು. ನಾವು ಮುಟ್ಟಿದಾಗ ಎತ್ತರವಾದ ಗೋಡೆಯ ಹೊರಗೆ ಜನ ಆಗಲೇ ಸಾಲುಗಟ್ಟಿದ್ದರು. ಒಳಗೆ ಫೋನು, ಕೈಚೀಲ ಯಾವುದೂ ಕೂಡದು. ಹತ್ತಿರದಲ್ಲಿಯೇ ಹಣ ತೆಗೆದುಕೊಂಡು ಅವುಗಳನ್ನು ಇಟ್ಟುಕೊಳ್ಳುವವರಿದ್ದಾರೆ. ನಾವು ಫೋನನ್ನು ಮಾಟುಂಗದಲ್ಲಿಯೇ ಬಿಟ್ಟು ಬಂದಿದ್ದೆವು. ಹೋಗುವವರು ಹಾಗೆಯೇ ಮಾಡಬೇಕೆಂದು ನಮ್ಮ ಸಲಹೆ.

ತಪಾಸಣೆಯಾಗಿ ಒಳಗೆ ಕುಳಿತಾಗ ಸುತ್ತಲೂ ನೋಡಿದೆವು. ಕೈಯ ಮದರಂಗಿ ಇನ್ನೂ ಮಾಸದ ಒಬ್ಬ ಗುಜರಾತಿ ವಧು ಲಗ್ನದ ಫೋಟೋಗಳ ಪುಸ್ತಕವನ್ನು ಎದೆಗವಚಿಕೊಂಡಿದ್ದಳು. ಪಂಜಾಬದ ಮುದುಕ ದಂಪತಿಗಳು ಮಗನ ಬಳಿಗೆ ಹೊರಟವರು. ಮುದುಕಪ್ಪ ತಮ್ಮ ಉತ್ತರಗಳನ್ನು ತುಟಿಯಲ್ಲಿಯೇ ಪಾಠ ಮಾಡುತ್ತಿದ್ದರು. ತೆಲುಗು ಮಾತನಾಡುವ ಒಬ್ಬ ತಾಯಿ ಹುಡುಗನ ಕೂದಲನ್ನು ತಿದ್ದುತ್ತಲೇ ಇದ್ದಳು. ನಮ್ಮ ಶಾಲೆಯ ಪರೀಕ್ಷೆಯ ದಿನಗಳು ನೆನಪಾದವು. ಈ ಸಲ ಮೇಲ್ವಿಚಾರಕರು ನಾವಲ್ಲ, ಅಷ್ಟೆ.

ಮೊದಲನೆಯ ಕಿಟಕಿಯಲ್ಲಿ ಕಾಗದಗಳನ್ನು ನೋಡಿ ಮೂಲಪ್ರತಿಗಳನ್ನು ತೆಗೆದುಕೊಂಡರು. ಇನ್ನೊಂದರಲ್ಲಿ ಬೆರಳಚ್ಚನ್ನು ತಾಳೆ ನೋಡಿದರು. ಬಹಳ ಹೊತ್ತಿನ ಮೇಲೆ ನಮ್ಮ ಸಂಖ್ಯೆ ಮೂರನೆಯ ಕಿಟಕಿಯ ಮೇಲೆ ಕಂಡಿತು. ಗಾಜಿನಾಚೆ ಒಬ್ಬ ತರುಣಿ ಅಧಿಕಾರಿ. ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ಹಿರಿಯಳಿದ್ದಾಳು. ಮೂವರೂ ಬಲಗೈಯನ್ನೆತ್ತಿ ಸತ್ಯವನ್ನೇ ನುಡಿಯುವುದಾಗಿ ಪ್ರಮಾಣ ಮಾಡಿದೆವು. ಅರ್ಜಿ ಹಾಕಿದವರು ಯಾರು, ಆಕೆ ಯಾವಾಗ ಹೋದಳು, ಕೊನೆಯ ಸಲ ಯಾವಾಗ ಕಂಡಿರಿ, ಎಂದು ಕೇಳಿದರು. ಹೇಳಿದೆವು. ಕಾಗದಗಳನ್ನು ತಿರುವುತ್ತ ಒಂದು ಕಡೆ ನಿಂತು, "ನಿಮ್ಮ ಅಕ್ಕ ಹುಟ್ಟಿದ್ದು ಜೂನ್ ೧; ನೀವು ಹುಟ್ಟಿದ್ದೂ ಜೂನ್ ೧. ಇಬ್ಬರೂ ಒಂದೇ ದಿನವೇ?" ಎಂದರು.

ನಮ್ಮ ಪೀಳಿಗೆಯವರಿಗೆ ಈ ಮಾತು ಹೊಸದಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ತಮಗೆ ತೋಚಿದ ಇಸವಿಗೆ ಜೂನ್ ೧ ಎಂದು ಬರೆದುಕೊಳ್ಳುತ್ತಿದ್ದರು. ನಾವು ನಿಜವನ್ನೇ ಹೇಳಿದೆವು: "ಅದು ಶಾಲೆ ಬರೆದುಕೊಟ್ಟ ತಾರೀಖು. ನಮ್ಮ ಎಲ್ಲ ಕಾಗದಗಳಲ್ಲಿಯೂ ಅದೇ ಇದೆ. ತಾಯಿಯವರನ್ನು ಕೇಳಿದರೆ, ನಾನು ಹುಟ್ಟಿದ್ದು ನಾಗರಪಂಚಮಿಯ ದಿನ, ಜೋಕಾಲಿ ಕಟ್ಟಿದ ಹೊತ್ತಿಗೆ ಎನ್ನುತ್ತಾರೆ." ಇಂಥ ಜೂನ್ ಒಂದುಗಳನ್ನು ಅವರು ಎಷ್ಟೋ ಕಂಡಿರಬೇಕು, ಸಣ್ಣಗೆ ನಕ್ಕು, ಹಳೆಯ ಫೋಟೋ ಏನಾದರೂ ಇದೆಯೇ ಎಂದರು. ಅಕ್ಕನ ಲಗ್ನದ ಫೋಟೋವನ್ನು ಕೊಟ್ಟೆವು. ಅಕ್ಕ ದಂಡೆ ಕಟ್ಟಿಕೊಂಡು ನಿಂತಿದ್ದಾಳೆ. ಪಕ್ಕದಲ್ಲಿ ಮೀಸೆ ಮೂಡದ ನಾವು, ಕೈಯಲ್ಲಿ ಪಾನದಾನಿ. ಅಧಿಕಾರಿ ಅದನ್ನು ಸ್ವಲ್ಪ ಹೊತ್ತು ನೋಡಿ ಹಿಂದಕ್ಕೆ ಕೊಟ್ಟರು. ಬಳಿಕ, "ನಿಮಗೆ ಒಬ್ಬ ಮಗಳೂ ಇದ್ದಾಳೆ" ಎಂದರು. ಹೌದೆಂದೆವು. "ಆಕೆಗೆ ಈಗ ಎಷ್ಟು ವರ್ಷ?" "ಇಪ್ಪತ್ತಾರು." ನಮ್ಮ ಗೃಹಿಣಿಗೆ ಇಂಗ್ಲಿಷು ಅಷ್ಟಾಗಿ ಬಾರದಿದ್ದರೂ ಆ ಸಂಖ್ಯೆ ತಿಳಿಯಿತು, ಆಕೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಅಧಿಕಾರಿ ಮತ್ತೇನೂ ಕೇಳಲಿಲ್ಲ. ಮಗನಿಗೆ, ಏನು ಓದುತ್ತೀಯೆ ಎಂದು ಒಂದು ಪ್ರಶ್ನೆ ಹಾಕಿ, ನಿಮ್ಮ ವೀಸಾಗಳು ಮಂಜೂರಾದವು, ಪಾಸ್‌ಪೋರ್ಟುಗಳು ಆಮೇಲೆ ಸಿಕ್ಕುವವು ಎಂದರು. ಗೋಡೆಯ ಗಡಿಯಾರದ ಪ್ರಕಾರ ಎಲ್ಲ ಸೇರಿ ಒಂಬತ್ತು ನಿಮಿಷ.

ಹೊರಗೆ ಬರುವಾಗ ಆ ಗುಜರಾತಿ ವಧು ಒಂದು ಚೀಟಿಯನ್ನು ಹಿಡಿದು ಮಂಕಾಗಿ ನಿಂತಿದ್ದಳು. ಯಾವುದೋ ಕಾಗದ ಸಾಲದಿದ್ದರೆ, ಇಲ್ಲವೆ ಇನ್ನೂ ವಿಚಾರಣೆಯಿದ್ದರೆ, ಇಂಥ ಚೀಟಿ ಕೊಡುತ್ತಾರೆ. ಅದು ನಿರಾಕರಣೆಯಂತೆ ಕಂಡರೂ ಎಷ್ಟೋ ಸಲ ಬೇಕಾದ ಕಾಗದವನ್ನು ಕೊಟ್ಟ ಮೇಲೆ ಬಿಡುಗಡೆಯಾಗುವುದುಂಟು. ನಮ್ಮ ಗೃಹಿಣಿ ತನಗೆ ಬಂದ ಹಿಂದಿಯಲ್ಲಿ ಆಕೆಗೆ ಹಾಗೆಂದು ಸಮಾಧಾನ ಹೇಳಿ, ನೀರು ಕುಡಿಸಿದಳು.

ಧಾರವಾಡಕ್ಕೆ ಮರಳುವ ರೈಲಿನಲ್ಲಿ ನಮ್ಮ ಮುಂದಿದ್ದ ಪ್ರಶ್ನೆ ಬೇರೆ. ಇಂಥ ವೀಸಾ ಸಾಮಾನ್ಯವಾಗಿ ಆರು ತಿಂಗಳೊಳಗೆ ಬಳಸಬೇಕಾದುದು. ದೇಹಪರೀಕ್ಷೆಯ ದಿನದಿಂದ ಅದರ ಎಣ್ಣೆ ತೀರುತ್ತ ಬರುತ್ತದೆ. ಮಗ ತಾನೊಬ್ಬನೇ ಮೊದಲು ಹೋಗುವಂತಿಲ್ಲ. ತಂದೆ ಹೋದರೆ ಮಗ. ನಾವು ಹೋಗಿ ಅಲ್ಲಿಯ ಖಾಯಂ ನಿವಾಸಿಗಳಾದ ಮೇಲೆ ಮಗಳಿಗಾಗಿ ನಾವೇ ಅರ್ಜಿ ಹಾಕಬಹುದು. ಆ ವರ್ಗದ ಪಾಳಿ ಆಗ ಎಂಟೊಂಬತ್ತು ವರ್ಷದ್ದಾಗಿತ್ತು. ಅಲ್ಲಿಯವರೆಗೆ ಅವಳ ಲಗ್ನವಾಗಕೂಡದು. ಲಗ್ನವಾದರೆ ಅರ್ಜಿ ಅಲ್ಲಿಗೆ ಬಿದ್ದುಹೋಗುವುದು. ಅದೇ ಹೊತ್ತಿಗೆ ಧಾರವಾಡದಲ್ಲಿಯೇ ಅವಳಿಗೆ ಒಂದು ಒಳ್ಳೆಯ ಮನೆತನದ ಸಂಬಂಧ ಕೂಡಿಬಂದಿತ್ತು. ಹುಡುಗನೂ ಹುಡುಗಿಯೂ ಒಪ್ಪಿದ್ದರು. ಹತ್ತೊಂಬತ್ತು ವರ್ಷದ ಕೆಳಗೆ ನಾವು ಪಾಳಿಯಲ್ಲಿ ಕಲ್ಲನ್ನಿಟ್ಟದ್ದು ನಗುನಗುತ್ತ. ಮಗಳ ಬಾಳನ್ನು ಆ ಕಲ್ಲಿನಂತೆ ಇನ್ನೊಂದು ಪಾಳಿಯಲ್ಲಿ ಇಡುವುದು ನಮ್ಮಿಂದಾಗದೆಂದು ಮಿರಜ ಬರುವುದರೊಳಗೆ ನಾವಿಬ್ಬರೂ ನಿಶ್ಚಯಿಸಿದೆವು.

ತಾಯಿಯವರ ಸಂಗತಿ ಇನ್ನೂ ವಿಚಿತ್ರ. ಕಾಯದೆಯ ಅಳತೆಯಲ್ಲಿ ಅಕ್ಕನಿಗೆ ಅವರೇ ಎಲ್ಲರಿಗಿಂತ ಹತ್ತಿರದವರು. ಅವರಿಗೆ ಪಾಳಿಯೇ ಇಲ್ಲ. ಅಕ್ಕ ಎಷ್ಟೋ ಸಲ ಕರೆದಿದ್ದಳು. "ನಾ ಎಲ್ಲಿಗೂ ಬರಂಗಿಲ್ಲ. ಅಕಿ ಒಬ್ಬಾಕಿನ ಅದಾಳ, ನೀವು ಹೋಗಿ ಅಕಿನ್ನ ನೋಡ್ರಿ" ಎಂದರು. ಹೋಗಬಯಸದವರಿಗೆ ತೆರೆದ ಬಾಗಿಲು, ನಮ್ಮೊಡನೆ ಬರಬೇಕಾಗಿದ್ದವಳಿಗೆ ಮುಚ್ಚಿದ ಬಾಗಿಲು. ಇದರಲ್ಲಿ ಕಿಟಕಿಯಾಚೆ ಕುಳಿತವರ ತಪ್ಪೇನೂ ಇಲ್ಲ. ಅವರ ಕೈಯಲ್ಲಿರುವುದು ಅಳತೆಗೋಲು, ಅದನ್ನು ಮಾಡಿದವರು ಬೇರೆ. ಒಂದು ದೇಶವು ತನ್ನ ಬಾಗಿಲಿಗೆ ಅಳತೆಯನ್ನು ಇಟ್ಟುಕೊಳ್ಳುವುದೂ ಸಹಜವೇ. ಆದರೆ ಆ ಅಳತೆಯನ್ನೇ ನಮ್ಮ ಮನೆಯ ಅಳತೆಯೆಂದು ನಾವು ಭಾವಿಸಬಾರದು.

೨೦೨೫ರ ವೈಶಾಖದಲ್ಲಿ ಮಗಳ ಲಗ್ನವಾಯಿತು. ಜೂನ್ ತಿಂಗಳಲ್ಲಿ ನಾವು ಮೂವರೂ ಹೊರಟು ನ್ಯೂ ಜೆರ್ಸಿಗೆ ಬಂದೆವು. ನಾಲ್ಕು ತಿಂಗಳು ಇದ್ದು ನಮ್ಮ ಗೃಹಿಣಿ ದೀಪಾವಳಿಯ ಹೊತ್ತಿಗೆ ಅತ್ತೆಯವರ ಬಳಿಗೆ ಧಾರವಾಡಕ್ಕೆ ಮರಳಿದಳು. ವರ್ಷಕ್ಕೆ ಮೀರಿ ಹೊರಗಿದ್ದರೆ ಇಲ್ಲಿಯ ನೆಲೆ ತಪ್ಪುವ ಭಯವಿರುವುದರಿಂದ, ಈ ಹೋಗಿಬರುವಿಕೆಯೂ ಲೆಕ್ಕದ್ದೇ. ಮಗ ಕಾಲೇಜಿಗೆ ಹೋಗುತ್ತಾನೆ. ನಾವು ಅಕ್ಕನ ಮನೆಯಲ್ಲಿದ್ದೇವೆ. ನಾಲ್ಕು ದಶಕಗಳ ತರುವಾಯ ಒಡಹುಟ್ಟಿದವರಿಬ್ಬರೂ ಒಂದೇ ಒಲೆಯ ಊಟ ಮಾಡುತ್ತಿದ್ದೇವೆ. ಜವಾಬ್ದಾರಿಯ ಪತ್ರಕ್ಕೆ ಸಹಿ ಹಾಕಿದ ಮಹನೀಯರನ್ನು ಮೊದಲ ವಾರದಲ್ಲಿಯೇ ಊಟಕ್ಕೆ ಕರೆದೆವು.

ಈ ದಾರಿ ಹಿಡಿಯುವ ಗೃಹಸ್ಥರಿಗೆ ನಾವು ಹೇಳಬಹುದಾದುದು ಇಷ್ಟು. ಮಕ್ಕಳ ಜನನಪತ್ರಗಳನ್ನು ಹುಟ್ಟಿದ ವರ್ಷದಲ್ಲಿಯೇ ತೆಗೆದಿಡಿರಿ. ಎಲ್ಲ ಕಾಗದಗಳಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ತೆರನಾಗಿರಲಿ. ಲಸಿಕೆಯ ಚೀಟಿಯನ್ನೂ ಹಳೆಯ ಫೋಟೋಗಳನ್ನೂ ಕಳೆಯಬೇಡಿರಿ. ಕೇಳಿದ ಪ್ರಶ್ನೆಗೆ ನಿಜವನ್ನೇ, ಕೇಳಿದಷ್ಟನ್ನೇ ಹೇಳಿರಿ. ವೀಸಾ ಕೈಗೆ ಬರುವ ಮುನ್ನ ಮನೆ ಹೊಲ ಮಾರಬೇಡಿರಿ. ಎಲ್ಲಕ್ಕೂ ಮೊದಲು, ಅರ್ಜಿಯ ದಿನವೇ ಮನೆಯ ಮಕ್ಕಳನ್ನೆಲ್ಲ ಎದುರಿಗೆ ಕೂಡಿಸಿಕೊಂಡು, ಸರದಿ ಬರುವ ಹೊತ್ತಿಗೆ ಯಾರಿಗೆ ಎಷ್ಟು ವಯಸ್ಸಾಗಿರುವುದೆಂಬ ಲೆಕ್ಕ ಹಾಕಿರಿ. ನಾವು ಗಣಿತದ ಮಾಸ್ತರರಾಗಿದ್ದೂ ಆ ಒಂದು ಲೆಕ್ಕವನ್ನು ಮಾಡದೆ ಬಿಟ್ಟಿದ್ದೆವು.

ನಿನ್ನೆ ರಾತ್ರಿ ಮಗಳು ಫೋನು ಮಾಡಿದ್ದಳು. ಅಜ್ಜಿಯ ಮೊಣಕಾಲು ನೋವು ಕಡಮೆಯಾಗಿದೆಯಂತೆ. ಹಿತ್ತಲಿನ ನುಗ್ಗೆ ಈ ಸಲ ಬಹಳ ಹಿಡಿದಿದೆಯಂತೆ. ತನ್ನ ಅತ್ತೆಯ ಮನೆಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ, ದಿನಾಲು ಸಂಜೆ ಹೋಗಿಬರುತ್ತೇನೆ, ನೀವು ಚಿಂತೆ ಮಾಡಬೇಡಿರಿ ಎಂದಳು.